ಭಂಡಾರ ಬಿದ್ದ ಗೇಮು

ನನ್ನ ಮೊಮ್ಮಗಳು ಇವತ್ತು ವೈರೇ ಇಲ್ಲದ ವಿಡಿಯೋ ಗೇಮಿನ ಡಬ್ಬಿ ಬಿಚ್ಚಿದಳು. ಆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹತ್ತಿದ್ದೇ ತಡ, ನನಗೆ ನಗು ಉಕ್ಕಿ ಬಂತು.

ನಾನು ಸಣ್ಣವಳಿದ್ದಾಗ ಗುಂಜೋಟಿಯ ನಮ್ಮ ಮನೆಗೆ ಕಾಕಾ ಸೊಲ್ಲಾಪುರದಿಂದ ಕ್ಯಾಸೆಟ್ ಹಾಕಿ ಆಡುವ ಗೇಮು ತಂದಿದ್ದ. ಟಿವಿಯೊಳಗೆ ಒಬ್ಬ ಪುಟ್ಟ ಮನುಷ್ಯ ಗೋಡೆ ಹಾರುತ್ತಿದ್ದ. ಅಣ್ಣ ರಿಮೋಟು ಬಿಡಲೇ ಇಲ್ಲ.

"ನಂಗೂ ಒಂದ್ ಪಾಳಿ ಕೊಡೋ ಅಣ್ಣಾ" ಎಂದು ಗೋಗರೆದೆ.

"ಹುಡುಗೇರಿಗಿ ಇದು ಜಮಂಗಿಲ್ಲ, ಸರಿ ಆಕಡಿ" ಎಂದ.

ಅಷ್ಟರಲ್ಲಿ ಅಜ್ಜಿ ಬಂದಳು. "ಹೊಸಾ ಮಷೀನಿಗಿ ಬೀರಪ್ಪನ ಭಂಡಾರ ಹಾಕ್ದೇ ಚಾಲೂ ಮಾಡೀರೇನ್ರೋ?" ಎಂದವಳೇ ಒಂದು ಮುಷ್ಟಿ ದೇವರ ಅರಿಶಿನಪುಡಿ ಎರಚಿದಳು. ಅರ್ಧ ಪುಡಿ ಕ್ಯಾಸೆಟ್ಟಿನ ಸಂದಿಗೇ ಹೋಯಿತು. ಟಿವಿ ತುಂಬ ಬರೀ ಗೆರೆ. ಅಣ್ಣ ನೆಲದ ಮೇಲೆ ಹೊರಳಾಡಿ ಅತ್ತ.

ನಾನು ಕ್ಯಾಸೆಟ್ ಕಿತ್ತು, ಕೆನ್ನೆ ಉಬ್ಬಿಸಿ ಊದಿದೆ. ಪುಡಿಯೆಲ್ಲ ಹಾರಿ ಅಣ್ಣನ ಮುಖ ಮದುಮಗನಂತೆ ಹಳದಿಯಾಯಿತು. ತಿರುಗಿ ಹಾಕಿದರೆ, ಆ ಪುಟ್ಟ ಮನುಷ್ಯ ಎದ್ದು ನಿಂತಿದ್ದ!

"ಜೀವಾ ತುಂಬಿದಾಕಿನೇ ಆಡ್ಲಿ" ಎಂದು ಅಜ್ಜಿ ತೀರ್ಪು ಕೊಟ್ಟು ನನ್ನ ಪಕ್ಕ ಕುಳಿತಳು. ನಾನು ಮೊದಲ ಗುಂಡಿಗೇ ಬಿದ್ದೆ. "ಹೊಸಾ ಕುರಿಮರಿನೂ ಹಿಂಗೇ ಬೀಳ್ತದ, ಮತ್ತ ಹಾರ್ಸು" ಎಂದಳು.

ಸಂಜೆ ಕುರಿ ಹೊಡೆದುಕೊಂಡು ಬಂದ ಅಪ್ಪ, ತಣ್ಣಗಿದ್ದ ಒಲೆ ನೋಡಿ, "ಅವ್ವಾ, ರೊಟ್ಟಿ ಎಲ್ಲಿ?" ಎಂದ.

ಅಜ್ಜಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಥಾಂಬ್ ರೇ, ಒಂದ್ ಗಳಿಗಿ ತಡಿ! ಹುಡುಗಿ ಗೋಡಿ ಹಾರ್ಲಾಕತ್ತಾಳ!"