ನೈರಿ ಎಣಿಸದ ಗಾಜು

“ಇದನ್ನ ನಾನು ಎಣಿಸೋದಿಲ್ಲ.” ನೈರಿ ಸದರ್ಲೆಂಡ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು.

ಡನೀಡನ್ ನಗರದ ಆ ಪ್ರಯೋಗಾಲಯದಲ್ಲಿ ಮೂರು ವಾರದಿಂದ, ವೀರ್ಯದ ಮಾದರಿ ಸವರಿದ ಪ್ರತಿ ಗಾಜನ್ನೂ ಇಬ್ಬರು ನೋಡುತ್ತಿದ್ದರು. ಮೂವತ್ತಮೂರು ವರ್ಷದಿಂದ ವೀರ್ಯಾಣುಗಳ ಆಕಾರ ನೋಡುತ್ತ ಬಂದ ನೈರಿ, ಮತ್ತು ಹೊಸ ಕಂಪ್ಯೂಟರ್. ನೂರಕ್ಕೆ ಎಷ್ಟು ಸರಿಯಾಗಿವೆ ಎಂದು ಇಬ್ಬರ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬೇರೆ ಬೇರೆ ಬರೆಯಬೇಕು. ಇಂದು ಕೊನೆಯ ದಿನ. ವರದಿಯ ಕೊನೆಯ ಮಾತು ಇನ್ನು ಮುಂದೆ ಯಾರದು ಎಂಬುದು ಆ ಹಾಳೆಯಿಂದಲೇ ತೀರ್ಮಾನವಾಗುವುದಿತ್ತು.

“ಕಂಪ್ಯೂಟರ್ ಆಗ್ಲೇ ನೂರಕ್ಕೆ ಒಂದು ಅಂದಿದೆ,” ಎಂದಳು ಮುಖ್ಯಸ್ಥೆ ಫೆನೆಲ್ಲಾ. “ನೀವೂ ಯಾವುದೋ ಅಂಕಿ ಹೇಳಿಬಿಡಿ. ಖಾಲಿ ಬಿಟ್ರೆ ನೀವು ಸೋತಂಗೆ.”

“ಸೋತೆ ಅಂತ ಬರ್ಕೋ. ಆದ್ರೆ ಆ ಒಂದನ್ನ ಡಾಕ್ಟರಿಗೆ ಕಳಿಸ್ಬೇಡ.”

ಮಾದರಿ, ಮಕ್ಕಳಾಗಲಿಲ್ಲವೆಂದು ರಾನ್‌ಫರ್ಲಿ ಎಂಬ ಊರಿನಿಂದ ಬಂದಿದ್ದ, ಕುರಿಯ ಉಣ್ಣೆ ಕತ್ತರಿಸುವ ಒಬ್ಬನದು. ಒಂದು ಎಂದು ಹೋದರೆ ಡಾಕ್ಟರು ಅವನ ಹೆಂಡತಿಗೆ ಸೂಜಿ, ಅರಿವಳಿಕೆ, ದೊಡ್ಡ ಚಿಕಿತ್ಸೆ ಎಲ್ಲ ಬರೆಯುತ್ತಿದ್ದರು. ನಾಲ್ಕು ದಾಟಿದರೆ, ಇನ್ನಾರು ತಿಂಗಳು ಮನೆಯಲ್ಲೇ ಕಾದು ನೋಡಿ ಎನ್ನುತ್ತಿದ್ದರು.

ನೈರಿ ಪರದೆಯ ಕಡೆ ಕೈ ತೋರಿಸಿದಳು. “ನೋಡು, ಹೆಚ್ಚುಕಮ್ಮಿ ಇನ್ನೂರು ತಲೆನೂ ಒಂದೇ ಅಳತೆಗೆ ಊದ್ಕೊಂಡಿವೆ. ಯಾವ ಗಂಡಸಿನ ಮೈಯಲ್ಲೂ ಹೀಗೆ ಆಗಲ್ಲ. ಇದು ನಮ್ಮ ಕೈಯಲ್ಲಿ ಆಗಿರೋದು.” ಆಮೇಲೆ ಗಾಜು ಸಿದ್ಧಮಾಡಿದ್ದ ಹುಡುಗ ಟಿಪೆನೆಯ ಕಡೆ ತಿರುಗಿದಳು. “ಏನಪ್ಪಾ, ಇದನ್ನ ಎಲ್ಲಿ ಒಣಗಿಸ್ದೆ?”

ಟಿಪೆನೆ ಕೈಯಲ್ಲಿದ್ದ ಚೀಸ್ ರೋಲನ್ನು ಕೆಳಗಿಟ್ಟ. “ಅದು... ಆಂಟೀ, ಬೆಳಿಗ್ಗೆ ಎಷ್ಟು ಚಳಿ ಇತ್ತು ಗೊತ್ತಾ? ಗಾಜು ಒಣಗ್ತಾನೇ ಇರ್ಲಿಲ್ಲ. ಹೀಟರ್ ಮೇಲೆ ಒಂದೇ ಒಂದು ನಿಮಿಷ...”

“ಬಿಸಿಗಿಟ್ಟಿದ್ದ ನಿನ್ನ ಚೀಸ್ ರೋಲ್ ಪಕ್ಕದಲ್ಲಾ?”

“ಪಕ್ಕದಲ್ಲಲ್ಲ. ಆ ಕಡೆ ತುದೀಲಿ.”

ಫೆನೆಲ್ಲಾ ಬಾಯಿಗೆ ಕೈ ಅಡ್ಡ ಹಿಡಿದಳು. ನೈರಿ ನಗಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಮಾದರಿಯಿಂದ ತಾನೇ ಹೊಸ ಗಾಜು ಮಾಡಿ, ಕಿಟಕಿ ದಂಡೆಯ ಮೇಲೆ ಗಾಳಿಗಿಟ್ಟು, ಅದು ಒಣಗುವವರೆಗೂ ಪಕ್ಕದಲ್ಲೇ ನಿಂತಳು. ಬಣ್ಣ ಹಾಕಿದ ಮೇಲೆ ಮೊದಲು ತಾನು ಎಣಿಸಿ, ಅಂಕಿ ಬರೆದು, ಹಾಳೆಯನ್ನು ಮಗುಚಿಟ್ಟಳು. ಆಮೇಲೆ ಗಾಜನ್ನು ಕಂಪ್ಯೂಟರಿಗೆ ಕೊಟ್ಟಳು.

ಪರದೆಯಲ್ಲಿ ಐದು ಬಂತು. ಫೆನೆಲ್ಲಾ ಹಾಳೆ ತಿರುಗಿಸಿದಳು. ಅಲ್ಲೂ ಐದು.

“ಹಾಗಾದ್ರೆ ಇಬ್ರೂ ಸಮಸಮ!” ಎಂದ ಟಿಪೆನೆ. ಅವನಿಗೆ ಜೀವ ಬಂದಿತ್ತು.

“ಚೆನ್ನಾಗಿ ಎಣಿಸತ್ತೆ ಕಣೋ, ಇಲ್ಲ ಅನ್ನಲ್ಲ,” ಎಂದು ನೈರಿ ಯಂತ್ರದ ನೆತ್ತಿ ತಟ್ಟಿದಳು. “ಯಾವಾಗ ಎಣಿಸಬಾರದು ಅಂತ ಇನ್ನೂ ಯಾರೂ ಹೇಳ್ಕೊಟ್ಟಿಲ್ಲ, ಪಾಪ.”

ಸಂಜೆ ಫೆನೆಲ್ಲಾ ಮೂರು ವಾರದ ಹಾಳೆಯನ್ನು ಮೇಲಿನವರಿಗೆ ಕಳಿಸುವ ಮುಂಚೆ ಇನ್ನೊಮ್ಮೆ ನೋಡಿದಳು. ಎರಡು ಸಾಲಿನ ತುಂಬ ಅಂಕಿಗಳು. ಹೀಟರ್ ಮೇಲೆ ಒಣಗಿದ ಆ ಗಾಜಿನ ಎದುರು, ನೈರಿಯ ಸಾಲಿನ ಒಂದೇ ಒಂದು ಚೌಕದಲ್ಲಿ ಮಾತ್ರ ಅಂಕಿ ಇರಲಿಲ್ಲ; ಅಲ್ಲಿ ನೈರಿ ತನ್ನ ಪೂರ್ತಿ ಹೆಸರನ್ನು ಬರೆದು ಸಹಿ ಹಾಕಿದ್ದಳು.