ದೊಡ್ಡವ್ವನ ಮಡಿಲು

ಚಿಕ್ಕಪ್ಪನ ಮಗಳ ಬಾಣಂತಿ ಕೋಣೆಯಿಂದ ಅಜವಾನದ ಹೊಗೆ ಬಂದರೆ, ಅವಳೇ ಹುಟ್ಟಿದ ಮಧ್ಯಾಹ್ನ ನನಗೆ ನೆನಪಾಗುತ್ತದೆ.

ದರಿಬಡಚಿಯ ನಮ್ಮ ಮನೆಯಲ್ಲಿ ಅದು ಚಿಕ್ಕಪ್ಪನ ಹೆಂಡತಿ ಕಾಕುವಿನ ಚೊಚ್ಚಲ ಹೆರಿಗೆ. ಎಂಟು ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಜತ್ತದ ದವಾಖಾನೆಗೆ ಒಯ್ಯಲು ಜೀಪು ಸಿಗುವಷ್ಟರಲ್ಲಿ ಕೂಸು ಹುಟ್ಟಿಬಿಟ್ಟಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಕಾಕು ಮೈ ತಣ್ಣಗಾಗಿ ನಡುಗುತ್ತಿದ್ದಳು.

"ಕೂಸಿಗೆ ಮೈಕಾವು ಬೇಕ್ರಿ. ಯಾರರ ಲಗೂನ ಎದಿಗೆ ಹಚ್ಚಿಕೋರಿ," ಎಂದಳು ಸೂಲಗಿತ್ತಿ.

ಮಕ್ಕಳಿಲ್ಲದ ದೊಡ್ಡವ್ವ ಕುಪ್ಪಸ ಬಿಚ್ಚಿ, ಕೂಸನ್ನು ಎದೆಗವಚಿ, ಸೆರಗು ಹೊದ್ದು ಕೂತಳು. ಅಲ್ಲಿಯವರೆಗೆ ಆ ಮಡಿಲು ನನ್ನೊಬ್ಬಳದೇ ಆಗಿತ್ತು.

"ನನಗೂ ಥಂಡಿ ಹತ್ತೇದ," ಎಂದೆ.

"ಆಮ್ಯಾಲೆ ಬಾ," ಎಂದಳು, ನನ್ನತ್ತ ನೋಡದೆ.

ಬಿಸಿಲು ಇಳಿಯುವ ಹೊತ್ತಿಗೆ ಕಾಕು ಚೇತರಿಸಿಕೊಂಡು ಕೈ ಚಾಚಿದಳು. "ಅಕ್ಕಾ, ಕೂಸು ಕೊಡ್ರಿ."

"ತಡಿ, ಈಗ ನಿದ್ದಿ ಹತ್ತೇದ."

"ಸಾಕ್ರಿ. ನನ್ನ ಕೂಸದು."

ದೊಡ್ಡವ್ವ ಮೆಲ್ಲಗೆ ಸೆರಗು ಸರಿಸಿ ಕೂಸನ್ನು ಕೊಟ್ಟಳು.

ನಾನು ಓಡಿಹೋಗಿ ಅವಳ ಮಡಿಲೇರಿದೆ. ಅವಳ ಎದೆ ಇನ್ನೂ ಬೆಚ್ಚಗಿತ್ತು. ಆದರೆ ಅವಳು ನನ್ನನ್ನು ಅಪ್ಪಿಕೊಳ್ಳಲಿಲ್ಲ. ನನ್ನ ತಲೆಯ ಮೇಲಿಂದ ಆಚೆ ಕಾಕುವಿನತ್ತ ನೋಡುತ್ತ, "ಅದರ ಕಾಲು ಹೊರಗ ಬಂದಾವ, ಮುಚ್ಚ ತಂಗಿ," ಎಂದಳು.