ಕರೆಂಟು ಕಳ್ಳ

ಸುಫಿಯಾ ಬಾಗಿಲ ಕಿಂಡಿಗೆ ಕಣ್ಣು ಹಚ್ಚಿ ಉಸಿರು ಬಿಗಿಹಿಡಿದು ನಿಂತಿದ್ದಳು. ಮನೆಯೊಳಗೆ ಕರೆಂಟಿಲ್ಲ, ಮಧ್ಯಾಹ್ನದ ಧಗೆ. ಹೊರಗೆ ಮೀಟರುಗಳ ಮುಂದೆ ಪಕ್ಕದ ಮನೆಯ ಸುಬ್ರಾಯರು ಬೆನ್ನು ತಿರುಗಿಸಿಕೊಂಡು ಏನೋ ಮಾಡುತ್ತಿದ್ದರು. ಅವರ ಕೈ ಮೇಲೆ ಹೋಯಿತು. 'ಪೀ' ಎಂದು ಸದ್ದಾಯಿತು. ಮರುಕ್ಷಣವೇ ಅವಳ ತಲೆಯ ಮೇಲಿನ ಫ್ಯಾನು ಗಿರ್ರನೆ ತಿರುಗತೊಡಗಿತು.

ಸಿಕ್ಕಿಬಿದ್ದರು! ಸುಫಿಯಾ ಕೂಡಲೇ ಆಫೀಸಿನಲ್ಲಿದ್ದ ಗಂಡ ಅರ್ಷದನಿಗೆ ಫೋನು ಮಾಡಿದಳು.

"ರೀ, ಕಣ್ಣಾರೆ ನೋಡಿದೆ. ಅವರು ಕೈ ಇಟ್ಟ ತಕ್ಷಣ ನಮ್ಮ ಕರೆಂಟ್ ವಾಪಸ್ ಬಂತು. ನಾವಿಲ್ಲಿ ಬೇಯ್ತಾ ಇದ್ರೆ ಅವರ ರೂಮಲ್ಲಿ ಟೀವಿ ಓಡ್ತಾನೇ ಇತ್ತು!"

"ಪಾಪ, ವಯಸ್ಸಾದವರು ಸುಫಿ. ಸುಮ್ನೆ ಅನುಮಾನ ಪಡಬೇಡ."

"ನಿಮಗೆ ಊರಲ್ಲಿರೋರೆಲ್ಲ ಪಾಪವೇ!"

ಪರದೇಶದ ಊರಾದ ಪುಚೊಂಗಿನ ಈ ಮನೆಗೆ ಅವರು ಬಂದು ಹೆಚ್ಚು ದಿನವಾಗಿರಲಿಲ್ಲ. ಮಾಲೀಕಳು ಜಲಜಾ ಒಂದು ದೊಡ್ಡ ಫ್ಲಾಟಿಗೆ ಅಡ್ಡಗೋಡೆ ಹಾಕಿ ಎರಡು ಮನೆ ಮಾಡಿದ್ದಳು. ದೊಡ್ಡದರಲ್ಲಿ ಸುಫಿಯಾ, ಅರ್ಷದ್, ಪುಟ್ಟ ಮಗಳು ಸಾಮಿಯಾ. ಒಂಟಿ ಕೋಣೆಯದರಲ್ಲಿ ಸುಬ್ರಾಯರು. ಎರಡು ಬಾಗಿಲಿಗೂ ಒಂದೇ ಪಡಸಾಲೆ, ಅದರ ಗೋಡೆಯ ಮೇಲೆ ಅಕ್ಕಪಕ್ಕ ಎರಡು ಮೀಟರು. ಇವರು ಬಂದ ವಾರವೇ ಹಳೆಯವನ್ನು ಕಿತ್ತು ಹೊಸ ಪ್ರಿಪೇಯ್ಡ್ ಮೀಟರುಗಳನ್ನು ಕೂರಿಸಿದ್ದಾಯಿತು. ಕಾರ್ಡು ಮುಟ್ಟಿಸಿ ಮೊದಲೇ ದುಡ್ಡು ತುಂಬಬೇಕು. ಮುಗಿದರೆ ಮನೆ ಕತ್ತಲೆ.

ಅಂದೇ ಅವಳ ನೆಮ್ಮದಿಯೂ ಹೋಯಿತು. ಮೀಟರಿನಲ್ಲಿ ದುಡ್ಡಿದ್ದರೂ ಆಗಾಗ ಕರೆಂಟು ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬರುತ್ತಿತ್ತು. ಒಮ್ಮೆ ಎಲ್ಲರೂ ಮೆಲಾಕಾ ಊರು ನೋಡಲು ಹೋಗುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗಿದ್ದಳು. ಬಂದು ನೋಡಿದರೆ ಮೀಟರಿನ ದುಡ್ಡು ಕರಗಿತ್ತು! ಮೀಟರು ಕೆಟ್ಟಿದೆ ಎಂದು ಜಲಜಾಳ ತಲೆ ತಿಂದು ಮತ್ತೊಂದು ಹಾಕಿಸಿದಳು. ಅದೂ ಇಳಿಯಿತು. ಎರಡೆರಡು ಮೀಟರು ಸುಳ್ಳು ಹೇಳುತ್ತವೆಯೇ? ಯಾರೋ ಕದಿಯುತ್ತಿದ್ದಾರೆ. ಯಾರೋ ಏನು ಬಂತು, ಪಡಸಾಲೆಯಲ್ಲಿ ಇದ್ದದ್ದೇ ಎರಡು ಬಾಗಿಲು.

"ಆಫೀಸಿನವರ ಮನೆಗಳಿಗೆಲ್ಲ ಹೋಲಿಸಿದ್ರೆ ನಮ್ಮ ಕರೆಂಟ್ ಖರ್ಚು ಕಡಿಮೆನೇ," ಎಂದು ಅರ್ಷದ್ ಒಮ್ಮೆ ಹೇಳಿ ನೋಡಿದ್ದ.

"ಅದು ನಾನು ಹಿಡಿತದಲ್ಲಿ ಮನೆ ನಡೆಸೋದಕ್ಕೆ! ದುಡ್ಡಿನ ಮಾತಲ್ಲ ರೀ, ನಿಯತ್ತಿನ ಮಾತು."

ಸುಬ್ರಾಯರು ಹೊನ್ನಾವರದ ಕಡೆಯವರು. ಬಾಳೆಎಲೆ ಊಟದ ಹೋಟೆಲೊಂದರಲ್ಲಿ ಕ್ಯಾಷಿಯರ್. ಆ ಕೋಣೆಯಲ್ಲೇ ಕೂದಲು ನರೆಸಿಕೊಂಡವರು. ಬಂದ ಹೊಸತರಲ್ಲಿ ಗೋಡೆಯಾಚೆ ಕನ್ನಡ ಕೇಳಿ ಸುಫಿಯಾ ಕುಣಿದಾಡಿದ್ದಳು, ಶಾವಿಗೆ ಪಾಯಸ ಕೊಟ್ಟು ಬಂದಿದ್ದಳು. ಈಗ ಅವರ ಕೆಮ್ಮು ಕೇಳಿದರೂ ಮೈ ಉರಿಯುತ್ತಿತ್ತು. ಮೊನ್ನೆ ಬನಿಯನ್ನಿನಲ್ಲಿ ಪಡಸಾಲೆಗೆ ಬಂದು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು.

"ಒಳಗೆ ಎಸಿ ಹಾಕ್ಕೊಳ್ಳಬಾರದಾ ಅಂಕಲ್?" ಎಂದು ಬೇಕೆಂದೇ ಕೇಳಿದ್ದಳು.

"ಎಲ್ಲಿಯ ಎಸಿ ತಂಗೀ? ಒಂದು ಫ್ಯಾನಿಗೇ ಇಷ್ಟು ತಿಂತದೆ. ಹೊಟ್ಟೆಬಾಕ ಮೀಟರು ನಂದು."

ಅಬ್ಬಾ, ಎಂಥ ನಾಟಕ! ಕದಿಯುವುದೂ ಅಲ್ಲದೆ ಬಡಪಾಯಿಯ ವೇಷ ಬೇರೆ.

ಭಾನುವಾರ ಜಲಜಾ ಬಂದಳು. ಸುಫಿಯಾ ಪಡಸಾಲೆಯಲ್ಲೇ ಪಂಚಾಯಿತಿ ಇಟ್ಟಳು. ಅರ್ಷದ್ ನೆಲ ನೋಡುತ್ತ ನಿಂತ.

"ನಾನು ಮುಟ್ಟಿದ್ದು ನನ್ನ ಮೀಟರನ್ನು ತಂಗೀ. ನಿಮ್ಮದಕ್ಕೆ ಕೈ ಹಚ್ಚಲಿಲ್ಲ," ಎಂದರು ಸುಬ್ರಾಯರು.

"ಹಾಗಾದ್ರೆ ನಮ್ಮ ಕರೆಂಟ್ ವಾಪಸ್ ಬಂದದ್ದು ಹೇಗೆ? ಅದೊಂದು ಹೇಳಿಬಿಡಿ ಅಂಕಲ್, ನಾನು ಬಾಯಿ ಮುಚ್ಚಿಕೊಳ್ತೀನಿ."

"ಅದು ನನಗೂ ಗೊತ್ತಿಲ್ಲ ತಂಗೀ," ಎಂದರು ಸುಬ್ರಾಯರು. ಸುಫಿಯಾಳಿಗೆ ಅಷ್ಟು ಸಾಕಾಯಿತು.

"ಇವರಿರಬೇಕು, ಇಲ್ಲ ನಾವಿರಬೇಕು," ಎಂದು ಜಲಜಾಳಿಗೆ ಕಡ್ಡಿ ಮುರಿದ ಹಾಗೆ ಹೇಳಿದಳು.

ಜಲಜಾ ಯಾವ ಬಾಡಿಗೆ ದೊಡ್ಡದೆಂದು ಯೋಚಿಸುವ ಮೊದಲೇ ಸುಬ್ರಾಯರು ಅಂದರು: "ಕಳ್ಳ ಅನ್ನಿಸಿಕೊಂಡು ನಾನು ಇಲ್ಲಿರೂದಿಲ್ಲ."

ಮರುದಿನ ಬೆಳಿಗ್ಗೆ ಅವರ ಸಾಮಾನು ಹೊರಬಂತು. ಒಂದು ಟ್ರಂಕು, ಒಂದು ಪುಟ್ಟ ರೈಸ್ ಕುಕ್ಕರ್, ಟೇಬಲ್ ಫ್ಯಾನು, ಹಳೆಯ ಟೀವಿ. ಅಷ್ಟೇ ಸಂಸಾರ. ಹೋಟೆಲಿನ ಉಗ್ರಾಣದ ಮೂಲೆಯಲ್ಲಿ ಮಲಗಲು ಜಾಗ ಕೊಡುತ್ತಾರಂತೆ. ಸಾಮಿಯಾ "ಬೈ ಬೈ, ತಾತಾ" ಎಂದು ಕೈ ಬೀಸಿದಾಗ ಅವರು ನಗಲು ನೋಡಿದರು, ಆಗಲಿಲ್ಲ. ತಪ್ಪು ಮಾಡಿದ್ದು ಅವರು, ನಾನ್ಯಾಕೆ ಮರುಗಲಿ ಎಂದುಕೊಂಡು ಸುಫಿಯಾ ಬಾಗಿಲು ಹಾಕಿಕೊಂಡಳು.

ಮತ್ತೆ ನೋಡಿ ಪವಾಡ! ಅವಳ ಮೀಟರು ನಿಂತಲ್ಲೇ ನಿಂತಿತು. ಸೋಮವಾರ ಇಳಿಯಲಿಲ್ಲ. ಮಂಗಳವಾರವೂ ಇಳಿಯಲಿಲ್ಲ.

"ನೋಡ್ರೀ, ಒಂದು ಸೆನ್ ಕಾಸು ಕೂಡ ಕಡಿಮೆ ಆಗಿಲ್ಲ! ಆವತ್ತು ನನ್ನನ್ನೇ ಬೈದ್ರಲ್ಲ, ಈಗೇನಂತೀರಿ?"

"ಎಸಿ ಓಡ್ತಿದೆ, ವಾಷಿಂಗ್ ಮೆಷಿನ್ ಓಡ್ತಿದೆ. ಸ್ವಲ್ಪನಾದ್ರೂ ಇಳೀಬೇಕಲ್ಲ?" ಎಂದ ಅರ್ಷದ್.

"ಹಲಾಲ್ ದುಡ್ಡು ಕಣ್ರೀ. ಬರಕತ್ ಅಂದ್ರೆ ಇದೇ!"

ಆ ಖುಷಿಗೆ ಅವಳು ಅಡುಗೆಗೂ ರಜೆ ಕೊಟ್ಟಳು. ಅರ್ಷದ್ ಕೆಳಗಿನ ಮಾಮಕ್ ತಿಂಡಿ ಅಂಗಡಿಯಿಂದ ಪರೋಟ ಕಟ್ಟಿಸಿಕೊಂಡು ಬಂದ. ತಟ್ಟೆಗೆ ಹಾಕುತ್ತಿದ್ದಂತೆ ದೀಪ, ಎಸಿ, ಫ್ರಿಜ್ಜು ಎಲ್ಲ ಒಟ್ಟಿಗೆ ಸತ್ತವು.

"ಮಮ್ಮಾ, ನೋ ಲೈಟ್!" ಸಾಮಿಯಾ ಕೂಗಿದಳು.

ಗಂಡ ಹೆಂಡತಿ ಫೋನಿನ ಟಾರ್ಚು ಹಿಡಿದು ಪಡಸಾಲೆಗೆ ಬಂದರು. ಸುಫಿಯಾಳ ಮೀಟರಿನಲ್ಲಿ ಹಸಿರು ದೀಪ ಉರಿಯುತ್ತಿತ್ತು, ದುಡ್ಡು ತುಂಬಿಕೊಂಡೇ ಇತ್ತು.

"ದುಡ್ಡಿದೆಯಲ್ರೀ? ಅವರೂ ಇಲ್ಲ. ಮತ್ತೆ ಯಾಕೆ ಹೋಯ್ತು?"

ಅರ್ಷದನ ಟಾರ್ಚು ಪಕ್ಕದ ಸುಬ್ರಾಯರ ಮೀಟರಿನ ಕೆಂಪು ಸೊನ್ನೆಯ ಮೇಲೆ ಬಿತ್ತು. ಅಲ್ಲಿಂದ ಹೊರಟ ವೈರಿನ ಪೈಪಿನ ಬೆನ್ನು ಹತ್ತಿ ಗೋಡೆಯುದ್ದಕ್ಕೂ ಮೆಲ್ಲನೆ ಸಾಗಿತು. ಕೊನೆಗೆ ಬಂದು ತಮ್ಮದೇ ಬಾಗಿಲಿನ ಮೇಲೆ ನಿಂತಿತು.

ಸುಬ್ರಾಯರು ಕೊನೆಯ ಸಲ ತುಂಬಿದ್ದ ದುಡ್ಡು ಮುಗಿದಿತ್ತು.